ಚೀಲದಲ್ಲಿ ಸುಟ್ಟ ತೂತು

ಹೋದ ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎತ್ತಿದ್ದೆ ಅಷ್ಟೇ. ಒಬ್ಬರು ಅಕ್ಕ ವ್ಯಾಕ್ಯೂಮ್ ಕ್ಲೀನರ್ ಹಿಡಿದುಕೊಂಡು ನಿಂತಿದ್ದರು. ಮಷಿನ್ನನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ತಂದಿದ್ದರು. ಗಂಟು ಬಿಚ್ಚುವ ಮೊದಲೇ ಸುಟ್ಟ ವಾಸನೆ ಬಂತು.

ನನ್ನ ಅಂಗಡಿ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿದೆ. ಮಿಕ್ಸರ್, ಫ್ಯಾನ್, ಗ್ರೈಂಡರ್, ಪಂಪು, ಮೋಟರ್ ಇರುವ ಎಲ್ಲವನ್ನೂ ರಿಪೇರಿ ಮಾಡುತ್ತೇನೆ. ಗಣಪತಿ ಹಬ್ಬ ಮುಗಿದ ಮೇಲೆ ದೀಪಾವಳಿಯವರೆಗೆ ವ್ಯಾಕ್ಯೂಮ್ ಕ್ಲೀನರ್‌ಗಳದ್ದೇ ಸಾಲು. ವರ್ಷವಿಡೀ ಮೂಲೆಯಲ್ಲಿ ಕೂತದ್ದನ್ನು ಆಗ ಎಲ್ಲರೂ ಹೊರಗೆ ತೆಗೆಯುತ್ತಾರೆ.

ಮುಚ್ಚಳ ತೆಗೆದೆ. ಧೂಳಿನ ಚೀಲದ ಒಂದು ಬದಿಗೆ ರೂಪಾಯಿ ನಾಣ್ಯದಷ್ಟು ತೂತು. ಅದರ ಅಂಚು ಕಪ್ಪಗಾಗಿತ್ತು. ಹಿಂದಿದ್ದ ಫೋಮ್ ಕರಗಿ ಮೋಟರಿನ ಬಾಯಿಗೆ ಮೆತ್ತಿಕೊಂಡಿತ್ತು.

"ಅಕ್ಕ, ಇದರಲ್ಲಿ ಏನು ಎಳೆದಿರಿ?"

"ದೇವರ ಮನಿ ಸ್ವಚ್ಛ ಮಾಡಿದ್ನಿರಿ ಅಣ್ಣಾರ. ಊದಿನಕಡ್ಡಿ ಆರಿತ್ತು. ಬರೇ ಬೂದಿ ಇತ್ತು."

ಹುಬ್ಬಳ್ಳಿ ಕಡೆಯವರು. ಕಡ್ಡಿ ಆರಿದ್ದು ನಿಜವೇ. ಆದರೆ ಬೂದಿಯೊಳಗೆ ಎಲ್ಲೋ ಒಂದು ಕಿಡಿ ಉಳಿದಿತ್ತು. ಅವರು ಐದು ನಿಮಿಷ ಮಷಿನ್ ಓಡಿಸಿ, ಸ್ವಿಚ್ ಆಫ್ ಮಾಡಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟು ಬಾಗಿಲು ಹಾಕಿದ್ದರು. ಅದರ ಮೇಲಿನ ಖಾನೆಯಲ್ಲಿ ಅತ್ತೆಯ ಇಸ್ತ್ರಿ ಮಾಡಿದ ಸೀರೆಗಳು. ಅರ್ಧ ಗಂಟೆಯ ಮೇಲೆ ಅತ್ತೆಗೆ ವಾಸನೆ ಬಂತು. ಬಾಗಿಲು ತೆಗೆದರೆ ಹೊಗೆ. ಮಗ ಮನೆಯಲ್ಲಿದ್ದ, ಎಳೆದುಕೊಂಡು ಹೋಗಿ ಬಾತ್‌ರೂಮಿನಲ್ಲಿ ಹಾಕಿದ. ಎಲ್ಲರೂ ಸಂತೆಗೆ ಹೋಗಿದ್ದ ಹೊತ್ತಲ್ಲಿ ಹೀಗೆ ಆಗಿದ್ದರೆ?

ಊರಿನಲ್ಲಿ ಒಲೆಯ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸತ್ತ ಹಾಗೆ ಕಾಣುವ ಕೆಂಡಕ್ಕೆ ಊದುಗೊಳವೆಯಿಂದ ಎರಡು ಸಲ ಊದಿದರೆ ಸಾಕು, ಕೆಂಪಗಾಗುತ್ತದೆ. ಈ ಮಷಿನ್ನಿನ ಒಳಗೂ ಗಾಳಿ ಹಾಗೇ ನುಗ್ಗುತ್ತದೆ. ಸುತ್ತಲೂ ಹತ್ತಿಯ ಹಾಗಿರುವ ಧೂಳು, ಕೂದಲು, ಬಟ್ಟೆಯ ನೂಲು. ಕಿಡಿಗೆ ಇನ್ನೇನು ಬೇಕು? ಇದು ಕೂಡಲೇ ಹೊತ್ತಿಕೊಂಡು ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಮಷಿನ್ ಓಡುವಾಗ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಎತ್ತಿಟ್ಟ ಮೇಲೆ ಶುರುವಾಗುತ್ತದೆ. ಈ ಬರಹ ಬರೆಯಲು ಕೂತದ್ದೇ ಅದಕ್ಕೆ. ಬಳಸುವಾಗ ಜಾಗ್ರತೆ ಮಾಡುವವರು ಜಾಸ್ತಿ ಇದ್ದಾರೆ, ಇಡುವಾಗ ಮಾಡುವವರು ಕಮ್ಮಿ.

ಹಾಗಾಗಿ ಊದುಬತ್ತಿ, ಧೂಪ, ಕರ್ಪೂರ, ದೀಪದ ಬತ್ತಿ, ಬೆಂಕಿಕಡ್ಡಿ, ಸಿಗರೇಟಿನ ಬೂದಿ, ಇವು ಯಾವುದೂ ಮಷಿನ್ನಿನ ಬಾಯಿಗೆ ಹೋಗಬಾರದು. ತಣ್ಣಗಾಗಿದೆ ಅಂತ ಅನಿಸಿದರೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ದೀಪಾವಳಿಯ ಮರುದಿನ ಬಾಲ್ಕನಿಯಲ್ಲಿ ಬಿದ್ದಿರುವ ಪಟಾಕಿಯ ಕಸವೂ ಅಷ್ಟೇ. ಅದರಲ್ಲಿ ಸಿಡಿಯದೆ ಉಳಿದ ಮದ್ದೂ ಇರುತ್ತದೆ. ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿ.

ಕೆಲಸದ ಮಧ್ಯೆ ಸುಟ್ಟ ವಾಸನೆ ಬಂದರೆ ಮೊದಲು ಪ್ಲಗ್ ಕೀಳಿ. ಒಳಗೇನಾಗಿದೆ ಅಂತ ಮುಚ್ಚಳ ತೆಗೆದು ನೋಡಬೇಡಿ. ತೆಗೆದರೆ ಕಿಡಿಗೆ ಹೊಸ ಗಾಳಿ ಸಿಗುತ್ತದೆ. ಹೊಗೆ ಇಲ್ಲದಿದ್ದರೆ ಮಷಿನ್ನನ್ನು ಪರದೆ, ಹಾಸಿಗೆಯಿಂದ ದೂರ ಬಾತ್‌ರೂಮಿಗೋ ಬಾಲ್ಕನಿಗೋ ಒಯ್ದಿಡಿ. ಹೊಗೆ ಜೋರಾಗಿದ್ದರೆ ಮಷಿನ್ ಬಿಟ್ಟು, ಮನೆಯವರನ್ನು ಕರೆದುಕೊಂಡು ಹೊರಗೆ ಬನ್ನಿ. 101ಕ್ಕೆ ಫೋನ್ ಮಾಡಿ.

ನಾನು ಮುಂಬಯಿಗೆ ಬಂದದ್ದು 1986ರಲ್ಲಿ. ಆಗ ಹದಿನಾಲ್ಕು ವರ್ಷ. ಕುಂದಾಪುರದ ಹತ್ತಿರದ ಹಳ್ಳಿ ನಮ್ಮದು. ಮಾಟುಂಗಾದಲ್ಲಿ ಮಾವನ ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಹೋಟೆಲಿನ ಗ್ರೈಂಡರ್ ಕೆಟ್ಟಾಗ ರಿಪೇರಿಗೆ ಬರುತ್ತಿದ್ದ, ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಮೇಸ್ತ್ರಿಯ ಹಿಂದೆ ನಿಂತು ನಿಂತು ಈ ಕೆಲಸ ಹಿಡಿಯಿತು. ಸ್ವಂತ ಅಂಗಡಿ ಹಾಕಿದ್ದು 1996ರಲ್ಲಿ. ಆ ದಿನಗಳಲ್ಲಿ ಟೈ ಕಟ್ಟಿಕೊಂಡ ಹುಡುಗರು ಈ ಮಷಿನ್ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಹಾಸಿಗೆಯಿಂದ ಧೂಳು ಎಳೆದು ತೋರಿಸುತ್ತಿದ್ದರು. ಯುರೇಕಾ ಫೋರ್ಬ್ಸ್ 1982ರಲ್ಲಿ ಶುರುಮಾಡಿದ ಮನೆಬಾಗಿಲ ಮಾರಾಟ ಅದು. ಮುಂಬಯಿಯ ಎಷ್ಟೋ ಮನೆಗೆ ವ್ಯಾಕ್ಯೂಮ್ ಕ್ಲೀನರ್ ಬಂದದ್ದು ಆ ದಾರಿಯಲ್ಲೇ. ಆಗ ಕೊಂಡ ಕೆಲವು ಈಗಲೂ ನನ್ನ ಮೇಜಿಗೆ ಬರುತ್ತವೆ. ಮುಟ್ಟಿದರೆ ಖುಷಿಯಾಗುತ್ತದೆ.

ಈ ಮಷಿನ್ನಿನ ಬಗ್ಗೆ ಒಂದು ವಿಷಯ ಗೊತ್ತಾದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಒಳಗಿನ ಮೋಟರ್ ನಿಮಿಷಕ್ಕೆ 20,000ಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ. ಅಷ್ಟು ಜೋರು ಸುತ್ತುವ ಮೋಟರ್ ಬಿಸಿಯಾಗಲೇಬೇಕು. ಅದನ್ನು ತಂಪು ಮಾಡುವುದು ಯಾವುದು? ಮನೆಯ ಮಾಮೂಲಿ ಮಷಿನ್‌ಗಳಲ್ಲಿ ನೀವು ಎಳೆಯುವ ಗಾಳಿಯೇ. ಅದು ಚೀಲ, ಫಿಲ್ಟರ್ ದಾಟಿ, ಮೋಟರಿನ ಮೈಮೇಲೆ ಹಾದು ಹಿಂದಿನಿಂದ ಹೊರಗೆ ಹೋಗುತ್ತದೆ. ಗಾಳಿಯ ದಾರಿ ಕಟ್ಟಿತು ಅಂದರೆ ಮೋಟರಿಗೆ ಉಸಿರು ಕಟ್ಟಿತು.

ಇನ್ನೊಂದು ಮಾತು. ದಾರಿ ಕಟ್ಟಿದಾಗ ಸದ್ದು ಕಮ್ಮಿಯಾಗುವುದಿಲ್ಲ, ಏರುತ್ತದೆ. ದೂಡಲು ಗಾಳಿ ಇಲ್ಲದೆ ಫ್ಯಾನು ಹಗುರವಾಗಿ ಇನ್ನೂ ಜೋರಾಗಿ ತಿರುಗುತ್ತದೆ. ಕೀಂ ಅಂತ ಕೂಗುತ್ತದೆ. "ಅಣ್ಣ, ನಿನ್ನೆ ತುಂಬಾ ಪವರ್‌ನಲ್ಲಿ ಓಡಿತು, ಇವತ್ತು ನಿಂತೇ ಹೋಯಿತು" ಅನ್ನುವವರು ಎಷ್ಟು ಜನ! ಅದು ಪವರ್ ಅಲ್ಲ. ಸದ್ದು ಏರಿದ ಕ್ಷಣವೇ ಆಫ್ ಮಾಡಿ, ಪ್ಲಗ್ ಕಿತ್ತು, ಚೀಲ ನೋಡಿ, ಪೈಪು ನೋಡಿ. ಪೈಪಿನೊಳಗಿಂದ ನಾನು ಮಕ್ಕಳ ಕಾಲುಚೀಲ, ಕಡ್ಡಿಪೊರಕೆಯ ಕಡ್ಡಿ, ಹಾಲಿನ ಕವರ್ ಎಲ್ಲ ತೆಗೆದಿದ್ದೇನೆ. ಕಡ್ಡಿ ಒಂದು ಅಡ್ಡ ಸಿಕ್ಕಿಕೊಂಡರೆ ಅದಕ್ಕೆ ಕೂದಲು ಸುತ್ತಿ, ಕೂದಲಿಗೆ ಧೂಳು ಹಿಡಿದು ಬಿರಡೆಯೇ ಆಗುತ್ತದೆ.

ಹೀಗೆ ಗಾಳಿ ಕಟ್ಟಿ ಬಿಸಿಯಾದಾಗ ಮನೆಯ ಎಂಸಿಬಿ (ಮೀಟರ್ ಹತ್ತಿರದ, ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತದೆ ಅಂತ ನಂಬಿ ಕೂರಬೇಡಿ. ಅದು ನೋಡುವುದು ಕರೆಂಟನ್ನು, ಮೋಟರಿನ ಬಿಸಿಯನ್ನಲ್ಲ. ಬಿಸಿಗೆ ಅಂತಲೇ ತುಂಬಾ ಮಷಿನ್‌ಗಳಲ್ಲಿ ಥರ್ಮಲ್ ಕಟ್‌ಔಟ್ ಇರುತ್ತದೆ. ಮಷಿನ್ ತಾನಾಗಿ ನಿಂತುಬಿಡುತ್ತದೆ. ಆಗ ಜನ ಬಟನ್ ಒತ್ತಿ ಒತ್ತಿ ನೋಡಿ, ಆನ್‌ನಲ್ಲೇ ಬಿಟ್ಟು ಹೋಗುತ್ತಾರೆ. ತಣ್ಣಗಾದ ಮೇಲೆ ಕೆಲವು ತಾವಾಗಿಯೇ ಮತ್ತೆ ಶುರುವಾಗುತ್ತವೆ. ಅಷ್ಟರಲ್ಲಿ ಯಾರಾದರೂ ಬ್ರಷ್ಷಿನಲ್ಲಿ ಬೆರಳು ಹಾಕಿ ಕೂದಲು ಬಿಡಿಸುತ್ತಾ ಕೂತಿದ್ದರೆ? ಅದಕ್ಕೇ ಸ್ವಿಚ್ ಆಫ್ ಮಾತ್ರ ಸಾಲದು, ಪ್ಲಗ್ಗೇ ಕೀಳಬೇಕು. ದಾರಿ ಬಿಡಿಸಿ ಒಂದು ಗಂಟೆ ಸುಮ್ನೆ ಬಿಟ್ಟುಬಿಡಿ.

ನಮ್ಮ ಏರಿಯಾದಲ್ಲಿ ಈಗ ಎಲ್ಲಿ ನೋಡಿದರೂ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಇದ್ದ ಮನೆಯಲ್ಲೂ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಟೈಲ್ಸ್ ಕೆಲಸ. ಕೆಲಸದವರು ಹೋದ ಮೇಲೆ ಆ ಬಿಳಿ ಪುಡಿಯನ್ನು ಮನೆಯ ಮಷಿನ್ನಿನಲ್ಲಿ ಎಳೆಯುತ್ತಾರೆ. ದಯವಿಟ್ಟು ಮಾಡಬೇಡಿ. ಸಿಮೆಂಟು, ಪಿಓಪಿ ಪುಡಿ ಎಷ್ಟು ನಯ ಅಂದರೆ ಫಿಲ್ಟರಿನ ಸಣ್ಣ ಸಣ್ಣ ಕಣ್ಣುಗಳಿಗೆ ಮೆತ್ತಿ ಮುಚ್ಚಿಬಿಡುತ್ತದೆ. ಸ್ವಲ್ಪ ತೇವ ಸಿಕ್ಕಿದರೆ ಗಟ್ಟಿಯೂ ಆಗುತ್ತದೆ. ಚೀಲ ಅರ್ಧ ಖಾಲಿ ಇದ್ದರೂ ಮೋಟರಿಗೆ ಗಾಳಿ ಇಲ್ಲ. ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ, ಅದೂ ಬೇಡ. ಹಿಟ್ಟು ಚೆಲ್ಲಿದರೆ ಒರೆಸಿ.

ನೀರಿನ ವಿಷಯವೂ ಇದರಿಂದಲೇ ಅರ್ಥವಾಗುತ್ತದೆ. ಎಳೆದದ್ದು ಮೋಟರಿನ ಮೈಮೇಲೆಯೇ ಹಾದು ಹೋಗುತ್ತದೆ ಅಂದಮೇಲೆ ಚೆಲ್ಲಿದ ಚಹಾ ಎಲ್ಲಿಗೆ ಹೋಗುತ್ತದೆ? ವೆಟ್ ಅಂಡ್ ಡ್ರೈ ಅಂತ ಬರುವ ಡಬ್ಬಿ ಮಷಿನ್ನಿನಲ್ಲಿ ಮೋಟರ್ ತಂಪಾಗಲು ಬೇರೆಯೇ ಗಾಳಿ ಇರುತ್ತದೆ. ನೀರು ತುಂಬಿದರೆ ಎಳೆತ ನಿಲ್ಲಿಸುವ ಒಂದು ಫ್ಲೋಟ್ ಇರುತ್ತದೆ. ಅದರಲ್ಲೂ ನೀರು ಎಳೆಯುವ ಮೊದಲು ಕಾಗದದ ಚೀಲ ತೆಗೆಯಬೇಕು. ಮಳೆಗಾಲದಲ್ಲಿ ಬಾಲ್ಕನಿಯ ನೀರನ್ನು ಮಾಮೂಲಿ ಮಷಿನ್ನಿನಲ್ಲಿ ಎಳೆದು ತಂದವರು ಪ್ರತಿ ಜುಲೈಯಲ್ಲೂ ಬರುತ್ತಾರೆ. ಮೋಟರ್ ಹೋಗುವುದು ಇರಲಿ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಕೆಲಸ ಮಾಡಿರುತ್ತಾರಲ್ಲ, ಅದು ನೆನೆದರೆ ಮೈ ನಡುಗುತ್ತದೆ.

ಪ್ಲಗ್ಗಿನ ಕತೆ ಬೇರೆಯೇ ಇದೆ. ಮಷಿನ್ನಿನ ಹೊಟ್ಟೆಯ ಕೆಳಗೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. 1400 ವ್ಯಾಟ್ ಅಂತಿಟ್ಟುಕೊಳ್ಳಿ. ಅದನ್ನು ಮನೆಯ ಕರೆಂಟಿನ ವೋಲ್ಟೇಜ್ 230ರಿಂದ ಭಾಗಿಸಿ. 6 ಆಂಪಿಯರಿಗಿಂತ ಸ್ವಲ್ಪ ಮೇಲೆ. ಟಿವಿಯ ಹತ್ತಿರ ಇರುವ ಸಣ್ಣ ಪ್ಲಗ್ ಪಾಯಿಂಟ್ ಇರುವುದೇ 6 ಆಂಪಿಯರಿನದ್ದು. ಅದರಲ್ಲೂ ಮೊಬೈಲ್ ಚಾರ್ಜರಿಗೆ ಅಂತ ತಂದ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಇದನ್ನು ಚುಚ್ಚಿದರೆ ಬೋರ್ಡಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಪಿನ್ನು ಕಪ್ಪಾಗುತ್ತದೆ. ಗೋಡೆಯ 16 ಆಂಪಿಯರಿನ ಪವರ್ ಪಾಯಿಂಟಿಗೇ ಹಾಕಿ. ಎಕ್ಸ್‌ಟೆನ್ಶನ್ ಬೇಕೇ ಬೇಕು ಅಂದರೆ ದಪ್ಪ ವೈರಿನದ್ದು ತನ್ನಿ. ಕೆಲಸ ಮುಗಿದ ಮೇಲೆ ಪಿನ್ನು ಮುಟ್ಟಿ ನೋಡಿ, ಕೈಗೆ ಬಿಸಿ ಹತ್ತಿದರೆ ಆ ಪಾಯಿಂಟ್ ಸಡಿಲ ಅಂತಲೇ ಲೆಕ್ಕ.

ಒಳಗೆ ಸುತ್ತಿಕೊಳ್ಳುವ ವೈರಿನಲ್ಲಿ ಹಳದಿ ಗುರುತು, ಕೆಂಪು ಗುರುತು ಇರುತ್ತವೆ. ಹಳದಿ ಕಾಣುವವರೆಗೆ ಎಳೆಯಿರಿ. ಕೆಂಪು ಬಂದರೆ ನಿಲ್ಲಿಸಿ. ಅರ್ಧ ವೈರು ಒಳಗೇ ಸುತ್ತಿಕೊಂಡಿದ್ದರೆ ಅದರ ಬಿಸಿ ಹೋಗಲು ಜಾಗ ಇರುವುದಿಲ್ಲ. ಟೇಪ್ ಸುತ್ತಿದ ಜಾಯಿಂಟ್ ಈ ವೈರಿಗೆ ಆಗುವುದಿಲ್ಲ. ದಿನಾ ನೆಲದಲ್ಲಿ ಉಜ್ಜಿ, ಒಳಗೆ ಹೊರಗೆ ಓಡಾಡಿ ಟೇಪ್ ಜಾರುತ್ತದೆ. ಪೂರ್ತಿ ವೈರನ್ನೇ ಬದಲಾಯಿಸಿ.

ವೈರ್ ಒಳಗೆ ಎಳೆದುಕೊಳ್ಳುವ ಬಟನ್ ಒತ್ತುವಾಗ ಪ್ಲಗ್ಗನ್ನು ಕೈಯಲ್ಲಿ ಹಿಡಿದಿರಿ. ಇದನ್ನು ನಾನು ನೋವಿನಿಂದ ಬರೆಯುತ್ತಿದ್ದೇನೆ. 2009ರಲ್ಲಿ ನಮ್ಮದೇ ಮನೆಯಲ್ಲಿ, ನಾನೇ ಬಟನ್ ಒತ್ತಿದೆ. ಪ್ಲಗ್ ಆಚೆ ಕೋಣೆಯ ಬಾಗಿಲ ಹತ್ತಿರ ಬಿದ್ದಿತ್ತು. ಚಾಟಿಯ ಹಾಗೆ ನೆಗೆದು ಬಂತು. ನಾಲ್ಕು ವರ್ಷದ ಮಗಳು ಅಲ್ಲೇ ಕೂತು ಆಡುತ್ತಿದ್ದಳು. ಹುಬ್ಬಿನ ಮೇಲೆ ಬಡಿಯಿತು. ಎರಡು ಹೊಲಿಗೆ. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು. ಈಗ ಅವಳು ದೊಡ್ಡವಳಾಗಿದ್ದಾಳೆ. ಎಡಹುಬ್ಬಿನಲ್ಲಿ ಕೂದಲು ಬಾರದ ಒಂದು ಗೆರೆ ಇದೆ. ಅದನ್ನು ನೋಡಿದಾಗಲೆಲ್ಲ ಆ ಸದ್ದು ಕೇಳುತ್ತದೆ.

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಇದ್ದರೆ ಈ ಮಷಿನ್ ಮುಟ್ಟಲೇಬೇಡಿ. ಮೋಟರಿನಲ್ಲಿ ಕಾರ್ಬನ್ ಅಂತ ಎರಡು ತುಂಡು ತಿರುಗುವ ತಾಮ್ರಕ್ಕೆ ಉಜ್ಜುತ್ತಾ ಇರುತ್ತವೆ. ಅಂಗಡಿಯ ಲೈಟ್ ಆರಿಸಿ, ಬಿಚ್ಚಿದ ಮೋಟರ್ ಓಡಿಸಿ ತೋರಿಸಿದರೆ ನೀಲಿ ಕಿಡಿ ಕಾಣುತ್ತದೆ. ಥಿನ್ನರ್, ಪೆಟ್ರೋಲ್, ಪೇಂಟ್ ಚೆಲ್ಲಿದ ಜಾಗಕ್ಕೂ ಇದೇ ಮಾತು. ಹಾಗೆಯೇ ಹಳೇ ಥರ್ಮಾಮೀಟರ್ ಒಡೆದು ಪಾದರಸ ಬಿದ್ದರೆ ಎಳೆಯಬಾರದು. ಬಿಸಿಗೆ ಅದು ಆವಿಯಾಗಿ ಮನೆಯೆಲ್ಲ ಹರಡುತ್ತದೆ, ಮಷಿನ್ನೂ ಮತ್ತೆ ಬಳಕೆಗೆ ಬಾರದು. ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆಗೆದು, ಗಟ್ಟಿ ಕಾಗದದಲ್ಲಿ ಗೋಲಿಗಳನ್ನು ಒಟ್ಟು ಮಾಡಿ, ಉಳಿದದ್ದನ್ನು ಅಂಟು ಟೇಪಿನಲ್ಲಿ ಎತ್ತಿ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ.

ಈಗ ಎತ್ತಿಡುವ ವಿಷಯ. ಮುಂಬಯಿಯ ಮನೆಗಳಲ್ಲಿ ಜಾಗ ಎಲ್ಲಿದೆ? ಅದು ನನಗೂ ಗೊತ್ತು, ನಮ್ಮದೂ ಎರಡೇ ಕೋಣೆ. ಹೆಚ್ಚಿನವರು ಅಟ್ಟಕ್ಕೆ ಹಾಕುತ್ತಾರೆ. ಐದಾರು ಕಿಲೋ ಭಾರ, ಉದ್ದದ ಪೈಪು, ಒಂದು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ನಿಲ್ಲಬೇಕು. ನಮ್ಮ ಬಿಲ್ಡಿಂಗಿನ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಒಬ್ಬರು ಹೀಗೇ ಬಿದ್ದು ಮಣಿಕಟ್ಟು ಮುರಿದುಕೊಂಡರು. ಭಾರದ ಸಾಮಾನು ನೆಲದ ಹತ್ತಿರವೇ ಇರಲಿ. ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲಾದರೂ. ಡ್ರೈ ಬಾಲ್ಕನಿಯಲ್ಲಿ, ಅಂದರೆ ಬಟ್ಟೆ ಒಗೆದು ಒಣಗಿಸುವ ಸಣ್ಣ ಬಾಲ್ಕನಿಯಲ್ಲಿ, ವಾಷಿಂಗ್ ಮಷಿನ್ನಿನ ಪಕ್ಕ ಬೇಡ, ಜೂನ್ ಬಂತೆಂದರೆ ಅಲ್ಲಿ ಎರಚಲು ಹೊಡೆಯುತ್ತದೆ. ಒಲೆಯ ಮೇಲಿನ ಅಟ್ಟವಂತೂ ಬೇಡವೇ ಬೇಡ. ಒಗ್ಗರಣೆಯ ಜಿಡ್ಡು ಫಿಲ್ಟರಿಗೆ ಹಿಡಿದರೆ ತೊಳೆದರೂ ಹೋಗುವುದಿಲ್ಲ.

ಚೀಲ ತುಂಬಿಕೊಂಡೇ ಇಡಬೇಡಿ. ಹುಬ್ಬಳ್ಳಿ ಅಕ್ಕನ ಚೀಲ ಖಾಲಿ ಇದ್ದಿದ್ದರೆ ಆ ಕಿಡಿಗೆ ತಿನ್ನಲು ಅಷ್ಟು ಸಿಗುತ್ತಿರಲಿಲ್ಲ. ನನ್ನ ಅಮ್ಮನಿಗೆ ಉಬ್ಬಸ ಇದೆ. ಹಾಗಾಗಿ ನಮ್ಮಲ್ಲಿ ಚೀಲ ಖಾಲಿ ಮಾಡುವುದು ನಾನು, ಮೂಗಿಗೆ ಬಟ್ಟೆ ಕಟ್ಟಿ, ಕೆಳಗೆ ಕಾಂಪೌಂಡಿನಲ್ಲಿ, ಒದ್ದೆ ಪೇಪರಿನ ಮೇಲೆ. ಅಮೆರಿಕದ ಒಹಾಯೋದಲ್ಲಿ ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ ಅಂತ ಒಬ್ಬರಿದ್ದರು. ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ. ಅವರಿಗೂ ಉಬ್ಬಸ. ಧೂಳು ತಡೆಯಲಾರದೆ ಫ್ಯಾನಿನ ಮೋಟರು, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ಒಂದು ಮಷಿನ್ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಅದನ್ನು ಕೊಂಡು ದೊಡ್ಡದಾಗಿ ಬೆಳೆಸಿದವರು ಹೂವರ್ ಅನ್ನುವ ವ್ಯಾಪಾರಿ. ಅಮ್ಮನಿಗೆ ಈ ಕತೆ ಹೇಳಿದಾಗ "ಪಾಪ, ಎಷ್ಟು ಕೆಮ್ಮಿದ್ನೋ" ಅಂದರು.

ತೊಳೆಯಬಹುದಾದ ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿ. ಎಲ್ಲ ಫಿಲ್ಟರನ್ನೂ ತೊಳೆಯಲಾಗುವುದಿಲ್ಲ, ಮಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಬೇಸಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಗ್ಯಾಸಿನ ಮೇಲೆ, ಹೇರ್ ಡ್ರೈಯರಿನಲ್ಲಿ ಒಣಗಿಸಿದರೆ ಅಂಟು ಬಿಟ್ಟುಹೋಗುತ್ತದೆ. ಒದ್ದೆಯಲ್ಲೇ ಹಾಕಿ ಇಟ್ಟರೆ ಬೂಸಲು ಹಿಡಿದು, ಮುಂದಿನ ಸಲ ಆನ್ ಮಾಡಿದಾಗ ಅದನ್ನೇ ಕೋಣೆಗೆಲ್ಲ ಊದುತ್ತದೆ.

ಪೈಪನ್ನು ಒಂಟಿ ಮೊಳೆಗೆ ನೇತುಹಾಕಬೇಡಿ. ಮಡಿಸಿದ ಕಡೆಯೇ ಬಿರಿಯುತ್ತದೆ. ಎರಡು ಗೂಟ ಹೊಡೆದು ದೊಡ್ಡ ಬಳೆಯ ಹಾಗೆ ಸುತ್ತಿಡಿ. ಜಿರಳೆ ಒಳಗೆ ಹೋಗದಂತೆ ಪೈಪಿನ ಬಾಯಿಗೆ ಬಟ್ಟೆ ತುರುಕುತ್ತಾರೆ, ಒಳ್ಳೆಯದೇ. ಆದರೆ ತೆಗೆಯುವುದು ಮರೆತು ಆನ್ ಮಾಡಿದರೆ ಬಟ್ಟೆ ಒಳಗೆ. ಅದಕ್ಕೆ ಒಂದು ಉದ್ದ ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ. ಇಲಿ ಇರುವ ಕಟ್ಟಡವಾದರೆ ಮಷಿನ್ ತೆಗೆದಾಗಲೆಲ್ಲ, ಪ್ಲಗ್ ಹಾಕುವ ಮೊದಲು, ವೈರನ್ನು ಉದ್ದಕ್ಕೂ ಕೈಯಲ್ಲಿ ಸವರಿ ನೋಡಿ. ಒಮ್ಮೆ ಚೀಲ ಹರಿದು ಅದರ ಹತ್ತಿಯಲ್ಲೇ ಇಲಿ ಮರಿ ಹಾಕಿದ್ದು ನೋಡಿದ್ದೇನೆ. ಹುಳ ಬಾರದಿರಲಿ ಅಂತ ಚೀಲದೊಳಗೆ ನುಸಿಗುಳಿಗೆ ಹಾಕಬೇಡಿ, ಆ ಗಾಳಿ ಉಬ್ಬಸದವರಿಗೆ ಕೆಟ್ಟದ್ದು.

ಈಗ ವೈರಿಲ್ಲದ, ಬ್ಯಾಟರಿಯ ಮಷಿನ್ನುಗಳೂ ಬರುತ್ತಿವೆ. ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ. ಹಾಸಿಗೆ, ಸೋಫಾದ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಮನೆಯಿಂದ ಹೊರಗೆ ಹೋಗುವ ಬಾಗಿಲ ಹತ್ತಿರವೂ ಬೇಡ, ಹೊತ್ತಿಕೊಂಡರೆ ದಾರಿಯೇ ಮುಚ್ಚಿಹೋಗುತ್ತದೆ. ಬ್ಯಾಟರಿ ಉಬ್ಬಿದ್ದರೆ, ವಿಚಿತ್ರ ವಾಸನೆ ಬಂದರೆ ಬಳಸುವುದು ನಿಲ್ಲಿಸಿ. ಅದನ್ನು ಕಸದ ಬುಟ್ಟಿಗೆ ಹಾಕದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಮೇ ತಿಂಗಳಲ್ಲಿ ನಾವು ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುತ್ತೇವಲ್ಲ, ಆಗ ತಿಂಗಳುಗಟ್ಟಲೆ ಮನೆ ಮುಚ್ಚಿರುತ್ತದೆ. ಹೊರಡುವ ಮೊದಲು ಚಾರ್ಜರ್ ಕಿತ್ತು, ಬ್ಯಾಟರಿ ಸುಮಾರು ಅರ್ಧ ಚಾರ್ಜ್ ಇರುವಾಗ, ಬಿಸಿಲು ಬೀಳದ ಜಾಗದಲ್ಲಿಡಿ.

ಹುಬ್ಬಳ್ಳಿ ಅಕ್ಕನ ಮಷಿನ್ನಿಗೆ ಹೊಸ ಚೀಲ, ಹೊಸ ಫೋಮ್ ಹಾಕಿದೆ. ಮೋಟರ್ ಸುಟ್ಟಿರಲಿಲ್ಲ, ಬಾಯಿ ಕೆರೆದು ಸ್ವಚ್ಛ ಮಾಡಿದರೆ ಸಾಕಾಯಿತು. ಶನಿವಾರ ಅವರು ಅತ್ತೆಯನ್ನೂ ಕರೆದುಕೊಂಡು ಬಂದರು. ಆನ್ ಮಾಡಿ, ಪೈಪಿನ ಬಾಯಿಗೆ ಅಂಗೈ ಅರ್ಧ ಮುಚ್ಚಿ ತೋರಿಸಿದೆ. ಸದ್ದು ಏರಿತು. ಕೈ ತೆಗೆದೆ, ಇಳಿಯಿತು. ಅತ್ತೆ ಮುಂದೆ ಬಂದು ತಾವೇ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ಕೇಳಿಸಿಕೊಂಡರು. ಆಮೇಲೆ ಕೆಂಪು ದಾರ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನಾನು ಡ್ರಾಯರಿನಿಂದ ಒಂದು ಮೊಳ ಕತ್ತರಿಸಿ ಕೊಟ್ಟೆ.